ಹಳೇ ಕಂಪ್ಯೂಟರ್‌ಗೆ ಹೊಸ ಕಣ್ಣು

ಬನಶಂಕರಿ, ಜಯನಗರದ ಕಡೆ ಎಷ್ಟೋ ಮನೆಗಳ ಮೂಲೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇನ್ನೂ ಕೂತಿರುತ್ತದೆ. ಅಣ್ಣನೋ ಅಕ್ಕನೋ ಇಂಜಿನಿಯರಿಂಗ್ ಸೇರಿದಾಗ ತಂದದ್ದು. ಈಗ ಎಲ್ಲರ ಕೈಯಲ್ಲೂ ಮೊಬೈಲ್, ಲ್ಯಾಪ್‌ಟಾಪ್. ಹಾಗಾಗಿ ಅದಕ್ಕೆ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟಿರುತ್ತಾರೆ. ಆದರೆ ಫೋಟೊ ಎಡಿಟಿಂಗ್ ಹುಚ್ಚು ಹತ್ತಿದ ನಮ್ಮಂಥವರಿಗೆ ಆ ಪೆಟ್ಟಿಗೆ ಇನ್ನೂ ದುಡಿದು ಕೊಡಬಲ್ಲದು. ಅದಕ್ಕೆ ಬೇಕಿರುವುದು ಒಂದು ಒಳ್ಳೆಯ ಪರದೆ. ಯಾವ ಪರದೆ ಅಂತ ತಿಳಿಯಲು ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡೆ. ತಿಳಿದದ್ದನ್ನು ಹಂಚಿಕೊಳ್ಳುತ್ತೇನೆ.

ನಮ್ಮ ಮನೆಯ ಕಂಪ್ಯೂಟರ್‌ಗೂ ಒಂದು ಕಥೆಯಿದೆ. ಅಪ್ಪ ಬನಶಂಕರಿ ಎರಡನೇ ಹಂತದಲ್ಲಿ ಪುಟ್ಟ ಡಿಟಿಪಿ ಅಂಗಡಿ ಇಟ್ಟಿದ್ದರು. ‘ನುಡಿ’ಯಲ್ಲಿ ಟೈಪ್ ಮಾಡಿ ಮದುವೆ ಕಾರ್ಡ್, ಕರಪತ್ರ, ಬಿಲ್ ಪುಸ್ತಕ ಮಾಡಿಕೊಡುತ್ತಿದ್ದರು. 2013ರಲ್ಲಿ ಅಂಗಡಿಗೆಂದು ಕೊಂಡದ್ದು ಮೂರನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, ಎಂಟು ಜಿಬಿ ರ್‍ಯಾಮ್ ಇರುವ ಯಂತ್ರ. ಲಾಕ್‌ಡೌನ್ ಆದಮೇಲೆ ಅಂಗಡಿ ಮುಚ್ಚಿತು, ಕಂಪ್ಯೂಟರ್ ಮನೆಗೆ ಬಂತು. ಅಪ್ಪ ಈಗ ಇನ್ನೊಬ್ಬರ ಪ್ರೆಸ್‌ನಲ್ಲಿ ಕೆಲಸ ಮಾಡುತ್ತಾರೆ.

ನಾನು ಬಿ.ಇ. ಮೂರನೇ ವರ್ಷ. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಹಿಡಿದು ಭಾನುವಾರಗಳಲ್ಲಿ ನಾಮಕರಣ, ಗೃಹಪ್ರವೇಶದ ಫೋಟೊ ತೆಗೆಯುತ್ತೇನೆ. ಪರೀಕ್ಷೆ ಫೀಸು, ಓಡಾಟದ ಖರ್ಚು ಅದರಲ್ಲೇ ಆಗುತ್ತದೆ. ಹಾಗೆ ಕೂಡಿಟ್ಟದ್ದು 11 ಸಾವಿರ ರೂಪಾಯಿ. ಅದು ಸರಿಯಾದ ವಸ್ತುವಿಗೆ ಹೋಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಈ ಕೆಲಸದಲ್ಲಿ ಸೀರೆಯ ಬಣ್ಣ ಸರಿಯಾಗಿ ಬರದಿದ್ದರೆ ಆ ಮನೆಯಿಂದ ಮತ್ತೆ ಕರೆ ಬರುವುದಿಲ್ಲ. ಆಲ್ಬಂ ತೆರೆದ ತಕ್ಷಣ ಅಮ್ಮಂದಿರು ಮೊದಲು ನೋಡುವುದೇ ಸೀರೆ!

ನಮ್ಮ ಹಳೇ ಮಾನಿಟರ್ 18.5 ಇಂಚಿನದು, ಟಿಎನ್ ಪ್ಯಾನೆಲ್. ಕತ್ತು ಸ್ವಲ್ಪ ತಗ್ಗಿಸಿದರೆ ಅರಿಶಿನ ಬಣ್ಣದ ರೇಷ್ಮೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಎತ್ತಿದರೆ ಬಿಳಿಚಿಕೊಳ್ಳುತ್ತದೆ. ಯಾವುದು ನಿಜ ಅಂತ ಹೇಳುವುದು ಹೇಗೆ? ಇನ್ನೊಂದು ಕಷ್ಟ ಜಾಗದ್ದು. ಅದರ ರೆಸೊಲ್ಯೂಷನ್ 1366×768, ಅಂದರೆ ಸುಮಾರು 10.5 ಲಕ್ಷ ಚುಕ್ಕಿ. ನನ್ನ ಕ್ಯಾಮೆರಾದ ಒಂದು ಫೋಟೊದಲ್ಲಿ 2.4 ಕೋಟಿ ಚುಕ್ಕಿಗಳಿವೆ. ಪೂರ್ತಿ ಅಳತೆಯಲ್ಲಿ ತೆರೆದರೆ ಒಮ್ಮೆಗೆ ಕಾಣುವುದು ಇಪ್ಪತ್ಮೂರನೇ ಒಂದು ಭಾಗ ಮಾತ್ರ. ಮಗುವಿನ ಮೂಗು ಕಂಡರೆ ಕಿವಿ ಕಾಣುವುದಿಲ್ಲ.

ಹಾಗಾದರೆ ದೊಡ್ಡದು ತಂದರೆ ಆಯಿತಲ್ಲ? ನಾನೂ 27 ಇಂಚಿನ ಕನಸು ಕಂಡವಳೇ. ಲೆಕ್ಕ ಹಾಕಿ ನೋಡಿದಾಗ ವಿಷಯ ಬೇರೆಯೇ ಇತ್ತು. ಇಂಚು ಅನ್ನುವುದು ಪರದೆಯ ಕರ್ಣದ ಅಳತೆ, ಅಷ್ಟೇ. ಕಡಿಮೆ ಬೆಲೆಯ 27 ಇಂಚಿನ ಮಾನಿಟರ್‌ಗಳಲ್ಲಿ ಹೆಚ್ಚಿನವು 1920×1080. 24 ಇಂಚಿನದ್ದೂ ಅಷ್ಟೇ. ಎರಡರಲ್ಲೂ ಇರುವುದು ಅದೇ 20.7 ಲಕ್ಷ ಚುಕ್ಕಿ. 24 ಇಂಚಿನಲ್ಲಿ ಪ್ರತಿ ಇಂಚಿಗೆ ಸುಮಾರು 92 ಚುಕ್ಕಿ, 27ರಲ್ಲಿ ಸುಮಾರು 82. ಒಂದೇ ದೋಸೆ ಹಿಟ್ಟನ್ನು ದೊಡ್ಡ ಕಾವಲಿಯಲ್ಲಿ ತೆಳ್ಳಗೆ ಹರಡಿದ ಹಾಗೆ. ದೊಡ್ಡದಾಗಿ ಕಾಣುತ್ತದೆ, ಆದರೆ ಹೆಚ್ಚಿಗೆ ಏನೂ ಕಾಣುವುದಿಲ್ಲ.

27 ಇಂಚಿಗೆ ಸರಿಹೊಂದುವುದು 2560×1440. ಆದರೆ ಅಲ್ಲಿ ನಮ್ಮ ಹಳೇ ಯಂತ್ರ ಕೈ ಎತ್ತುತ್ತದೆ. ಮೂರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್, ಎಚ್‌ಡಿಎಂಐ ಮೂಲಕ 1920×1200ರವರೆಗೆ ಮಾತ್ರ ಚಿತ್ರ ಕಳಿಸಬಲ್ಲದು. ಡಿಸ್‌ಪ್ಲೇ ಪೋರ್ಟ್ ಇದ್ದರೆ 2560×1600ರವರೆಗೆ ಹೋಗುತ್ತದೆ. ನಮ್ಮ ಪೆಟ್ಟಿಗೆಯ ಹಿಂದೆ ಇರುವುದು ವಿಜಿಎ, ಡಿವಿಐ, ಎಚ್‌ಡಿಎಂಐ ಮಾತ್ರ. ಹೆಚ್ಚು ಚುಕ್ಕಿಯ ಮಾನಿಟರ್‌ಗೆ ಕಡಿಮೆ ಚುಕ್ಕಿಯ ಚಿತ್ರ ಕೊಟ್ಟರೆ ಅದು ಎಳೆದು ಹಿಗ್ಗಿಸಿ ತೋರಿಸುತ್ತದೆ, ಅಕ್ಷರವೂ ಮಸುಕು, ರೆಪ್ಪೆಕೂದಲೂ ಮಸುಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು. ಆದರೆ ಅದಕ್ಕೆ ದುಡ್ಡು, ಹಳೇ ಎಸ್‌ಎಂಪಿಎಸ್‌ಗೆ ಅದನ್ನು ಹೊರುವ ಶಕ್ತಿ, ಎರಡೂ ಬೇಕು. ಜೊತೆಗೆ ಪರದೆಯಲ್ಲಿ ಚುಕ್ಕಿ ಹೆಚ್ಚಿದಷ್ಟೂ ಎಡಿಟಿಂಗ್ ಸಾಫ್ಟ್‌ವೇರ್ ಪ್ರತಿ ಬದಲಾವಣೆಗೂ ದೊಡ್ಡ ಚಿತ್ರವನ್ನು ಮತ್ತೆ ಮತ್ತೆ ತಯಾರಿಸಬೇಕು. ಹಳೇ ಪ್ರೊಸೆಸರ್ ಏದುಸಿರು ಬಿಡುತ್ತದೆ.

ಹೀಗೆ 24 ಇಂಚು, 1920×1080 ಅಂತ ನಿಕ್ಕಿಯಾಯಿತು. ಉಳಿದದ್ದು ಬಣ್ಣ. ಇದರಲ್ಲಿ ಗುರುವಾದವರು ಅಪ್ಪ. ಮೊದಲು, “ಇರೋ ಮಾನಿಟರ್ ಕೆಲಸ ಮಾಡ್ತಿದೆಯಲ್ಲೇ, ಫೀಸಿಗೆ ಇಟ್ಕೋ” ಅಂದಿದ್ದರು. ನಾನು ಪೆಟ್ಟಿಗೆಗಳ ಮೇಲಿನ ವಿವರ ಬರೆದುಕೊಂಡು ಬಂದದ್ದು ನೋಡಿ ಕನ್ನಡಕ ಹಾಕಿಕೊಂಡು ಪಕ್ಕ ಕೂತರು.

“ನೋಡು ಪುಟ್ಟಿ, ಹದಿನೈದು ವರ್ಷ ಅಂಗಡಿ ನಡೆಸಿದೆ. ಸ್ಕ್ರೀನ್ ಮೇಲೆ ಬಣ್ಣ ತೋರಿಸಿ ಗಿರಾಕಿ ಹತ್ರ ಒಂದು ದಿನಾನೂ ಸೈನ್ ಹಾಕಿಸಿಕೊಂಡಿಲ್ಲ. ಪ್ರೂಫ್ ತೆಗೆದು ಕೈಗೆ ಕೊಟ್ಟ ಮೇಲೇನೇ ಸೈನ್” ಅಂದರು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದ ಶಾಯಿಯಿಂದ. ಎರಡೂ ಪೂರ್ತಿ ಒಂದಾಗುವುದಿಲ್ಲ, ಹತ್ತಿರ ತರಬಹುದು ಅಷ್ಟೇ ಅನ್ನುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅಪ್ಪನಿಂದ.

ಹತ್ತಿರ ತರಲು ಪೆಟ್ಟಿಗೆಯ ಮೇಲೆ ನೋಡಬೇಕಾದ್ದು ಮೂರು ವಿಷಯ. ಮೊದಲನೆಯದು, ಐಪಿಎಸ್ ಪ್ಯಾನೆಲ್. ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಎರಡನೆಯದು, ಎಸ್‌ಆರ್‌ಜಿಬಿ. ಇದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಬಣ್ಣದ ಅಳತೆಗೋಲು. ಅದರ ನೂರಕ್ಕೆ ನೂರರ ಹತ್ತಿರ ಇರುವುದನ್ನೇ ಕೇಳಿ. ಕೆಲವರು ‘72% ಎನ್‌ಟಿಎಸ್‌ಸಿ’ ಅಂತ ಬರೆದಿರುತ್ತಾರೆ. ಹೆಚ್ಚುಕಮ್ಮಿ ಅದೂ ಅಷ್ಟೇ ವ್ಯಾಪ್ತಿ. ‘45%’ ಅಂತ ಇದ್ದರೆ ಕೆಂಪು, ಹಸಿರು ಸಪ್ಪೆಯಾಗುತ್ತವೆ. ಮೂರನೆಯದು, 8 ಬಿಟ್ ಬಣ್ಣ. ಆರು ಬಿಟ್‌ನಲ್ಲಿ ತೋರಿಸಲು ಸಾಧ್ಯವಾಗುವುದು 2.62 ಲಕ್ಷ ಬಣ್ಣ, ಎಂಟು ಬಿಟ್‌ನಲ್ಲಿ 1.67 ಕೋಟಿ. ಸಂಜೆಯ ಆಕಾಶ ಪಟ್ಟಿ ಪಟ್ಟಿಯಾಗಿ ಕಾಣದೆ ನಯವಾಗಿ ಕಾಣುವುದು ಇದರಿಂದಲೇ.

ಒಂದು ಶನಿವಾರ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಅಪ್ಪನ ಜೊತೆ ಎಸ್‌.ಪಿ. ರೋಡಿಗೆ ನಡೆದೆ. ಪೆನ್‌ಡ್ರೈವ್‌ನಲ್ಲಿ ಮೂರು ಚಿತ್ರ ಇದ್ದವು: ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಕೆಂಪು ಗುಲಾಬಿ, ಅಮ್ಮನ ಮೈಸೂರು ರೇಷ್ಮೆ ಸೀರೆ, ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿ. “ಗೇಮಿಂಗಾ ಮೇಡಂ, ತಮ್ಮನಿಗಾ?” ಅಂದರು ಅಂಗಡಿಯವರು. “ನನಗೇ ಅಣ್ಣಾ, ಫೋಟೊ ಎಡಿಟಿಂಗ್‌ಗೆ” ಅಂದೆ. “ಹಾಗಾದ್ರೆ ಕರ್ವ್ಡ್ ತಗೊಳ್ಳಿ, 165 ಹರ್ಟ್ಸ್ ಬರುತ್ತೆ!” ಕಣ್ಣು ಕುಕ್ಕುವ ಪರದೆಗಳ ನಡುವೆ ನಮ್ಮ ಮೂರೂ ಚಿತ್ರಗಳನ್ನು ಹಾಕಿಸಿ ನೋಡಿದೆವು. ಅಪ್ಪ ಎಡದಿಂದ, ಬಲದಿಂದ, ಬಗ್ಗಿ, ನಿಂತು ನೋಡುತ್ತಿದ್ದರು. ಅಮ್ಮ ಬ್ಯಾಗಿನಲ್ಲಿ ಹಾಕಿಕೊಟ್ಟಿದ್ದ ಅದೇ ಸೀರೆಯ ಬ್ಲೌಸ್‌ಪೀಸನ್ನು ಪರದೆಯ ಪಕ್ಕ ಹಿಡಿದರು. ಅಂಗಡಿಯವರು ನಕ್ಕರು, ಆಮೇಲೆ ಅವರೂ ಬಂದು ಬಗ್ಗಿ ನೋಡಿದರು.

8,900 ರೂಪಾಯಿಗೆ ಮಾನಿಟರ್ ಬಂತು. ಉಳಿದ ದುಡ್ಡಿನಲ್ಲಿ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿದೆವು. ಹಳೇ ಹಾರ್ಡ್‌ಡಿಸ್ಕ್‌ಗೆ ಹೋಲಿಸಿದರೆ ಈಗ ಕಂಪ್ಯೂಟರ್ ಎದ್ದು ನಿಲ್ಲುವ ವೇಗವೇ ಬೇರೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ವಿಂಡೋಸ್ 11 ಈ ಪ್ರೊಸೆಸರ್ ಅನ್ನು ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಹಾಕಿಕೊಂಡೆ. ಡಾರ್ಕ್‌ಟೇಬಲ್, ಗಿಂಪ್ ಎರಡೂ ಅದರಲ್ಲಿ ಉಚಿತ.

ಮನೆಗೆ ತಂದ ಮೇಲೂ ಕೆಲಸವಿದೆ. ಅಂಗಡಿಯಲ್ಲಿ ಆಕರ್ಷಕವಾಗಿ ಕಾಣಲೆಂದು ಬ್ರೈಟ್‌ನೆಸ್ ಏರಿಸಿಟ್ಟಿರುತ್ತಾರೆ. ಅದನ್ನು ತಗ್ಗಿಸಿ, ಎಸ್‌ಆರ್‌ಜಿಬಿ ಮೋಡ್‌ಗೆ ಬದಲಿಸಿ. ಕಿಟಕಿಯ ಬೆಳಕು ಪರದೆಗೆ ನೇರ ಬೀಳದ ಹಾಗೆ ಇಡಿ. ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಬಣ್ಣದ ಕೆಲಸ ಶುರು ಮಾಡಿ. ಆಲ್ಬಂ ಪ್ರಿಂಟ್‌ಗೆ ಕೊಡುವ ಮುನ್ನ ಎರಡೇ ಎರಡು ಫೋಟೊ ಲ್ಯಾಬ್‌ನಲ್ಲಿ ಮಾಡಿಸಿ, ಪರದೆಯ ಪಕ್ಕ ಹಿಡಿದು ನೋಡಿ. ನಮ್ಮ ಮನೆಯಲ್ಲಿ ಆ ಕೆಲಸ ಈಗ ಅಪ್ಪನದು. ರಾತ್ರಿ ಪ್ರೆಸ್‌ನಿಂದ ಬಂದು, ಊಟಕ್ಕೂ ಮುಂಚೆ, “ಪ್ರೂಫ್ ಎಲ್ಲೇ?” ಅನ್ನುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಕೇಳಿರಲಿಲ್ಲ.

ನಿಮ್ಮಲ್ಲೂ ಅಂಥದ್ದೊಂದು ಯಂತ್ರವಿದ್ದರೆ ಗುಜರಿಯವರನ್ನು ಕರೆಯುವ ಮೊದಲು ಅದರ ಹಿಂಭಾಗ ತಿರುಗಿಸಿ, ಯಾವ ಯಾವ ಪೋರ್ಟ್ ಇದೆ ಅಂತ ಒಮ್ಮೆ ನೋಡಿ. ಎಷ್ಟು ದೊಡ್ಡ ಪರದೆ ಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇರುತ್ತದೆ.