ಎತ್ತಿನ ಲಾಳ, ಒಡೆಯನ ಅಂಗಾಲು

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ನೆರೆಯುವುದನ್ನು ಮೈಸೂರು ಸೀಮೆಯವರೆಲ್ಲ ಬಲ್ಲರು. ಕಾವೇರಿ ಬಂಡೆಗಳ ಮೇಲಿಂದ ಧುಮುಕುವ ಎಡೆ. ದಡದಲ್ಲಿ ಕೋದಂಡರಾಮನ ಗುಡಿ. ಬಯಲಿನಲ್ಲಿ ಕೊಂಬಿಗೆ ಬಣ್ಣ ಬಳಿಸಿಕೊಂಡು ನಿಂತ ಹಳ್ಳಿಕಾರ್ ಜೋಡಿಗಳು. ಈಗ ಎತ್ತುಗಳು ಬಹುಮಟ್ಟಿಗೆ ವಾಹನವೇರಿ ಬರುತ್ತವೆ. ಹಿಂದೆ ಹುಣಸೂರು, ಪಿರಿಯಾಪಟ್ಟಣಗಳ ಕಡೆಯಿಂದ ಎತ್ತೂ ಒಡೆಯನೂ ಕೂಡಿ ನಡೆದೇ ಬರುತ್ತಿದ್ದರು.

ಬಾಲ್ಯದಲ್ಲಿ ನಾನೂ ದೊಡ್ಡಪ್ಪನ ಎತ್ತುಗಳ ಹಿಂದೆ ಹಾಗೆ ನಡೆದವನು. ಹೊರಡುವುದಕ್ಕೆ ವಾರ ಮುಂಚೆಯೇ ಅವರು ಎತ್ತುಗಳ ಗೊರಸು ಸವರಿಸಿ, ಹೊಸ ಲಾಳ ಕಟ್ಟಿಸಿ, ಊರ ಸುತ್ತ ನಡೆಸಿ ನೋಡಿದ್ದರು. ನನಗೋ, ಹಿಂದಿನ ಸಂಜೆ ಸಂತೆಯಲ್ಲಿ ಕೊಂಡ ಹೊಸ ಮೆಟ್ಟು. ಎರಡನೆಯ ಹರದಾರಿ ಮುಗಿಯುವುದರೊಳಗೆ ಹಿಮ್ಮಡಿ ಚುರುಗುಟ್ಟತೊಡಗಿತು. ಹೇಳಿಕೊಳ್ಳಲು ನಾಚಿಕೆಯಾಯಿತು, ಸುಮ್ಮನೆ ನಡೆದೆ. ಜಾತ್ರೆ ಮುಟ್ಟಿದಾಗ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆಯೆದ್ದು ಒಡೆದಿತ್ತು. ಎತ್ತುಗಳು ಠೀವಿಯಿಂದ ನಿಂತಿದ್ದವು. ನಾನು ಯಾರದೋ ಗಾಡಿಯ ಮೂಕಿಯ ಮೇಲೆ ಕುಳಿತು ಜಾತ್ರೆ ನೋಡಿದೆ.

‘ಮೆಟ್ಟು ಕಚ್ಚಿತು’ ಎನ್ನುತ್ತಾರೆ ನಮ್ಮ ಜನ. ಮಾತು ಸೊಗಸಾಗಿದೆ, ಆದರೆ ಕಚ್ಚುವುದು ಒಂದು ಕ್ಷಣದ ಕೆಲಸ, ಬೊಬ್ಬೆಯಾದರೋ ಸಾವಿರಾರು ಹೆಜ್ಜೆಗಳ ಗಳಿಕೆ. ಕಾಲೂರಿದಾಗ ಒಳಗಿನ ಎಲುಬು ಸರಿಯುತ್ತದೆ. ಮೆಟ್ಟಿಗೋ ಕಾಲುಚೀಲಕ್ಕೋ ಅಂಟಿದ ಹೊರಚರ್ಮ ಅಲ್ಲಿಯೇ ನಿಲ್ಲುತ್ತದೆ. ಈ ಎಳೆದಾಟ ಮರುಕಳಿಸಿದಂತೆಲ್ಲ ಚರ್ಮದ ಮೇಲುಪದರದೊಳಗೆ ಬಿರುಕುಂಟಾಗಿ, ಅದರಲ್ಲಿ ತಿಳಿನೀರು ತುಂಬುತ್ತದೆ. ಬೆವರಿನಿಂದ ತೇವಗೊಂಡ ಚರ್ಮ ಒಣಚರ್ಮಕ್ಕಿಂತ ಹೆಚ್ಚು ಅಂಟುತ್ತದೆ. ಆದುದರಿಂದ ಬೆವರೂ ಈ ಕೇಡಿಗೆ ಪಾಲುದಾರ.

ಇದೇ ಕಾವೇರಿಯ ಕೆಳಹರಿವಿನಲ್ಲಿ, ರಂಗನತಿಟ್ಟಿನ ಬಳಿಯ ನಾಲೆಯ ಏರಿಯ ಮೇಲೆ, ಮ್ಯಾರಥಾನ್ ಓಟಗಳು ನಡೆದಿವೆ. 42 ಕಿ.ಮೀ. ಮಣ್ಣುದಾರಿ ಓಡುವವನಿಗೂ ಎತ್ತಿನ ಹಿಂದೆ ನಡೆದವನಿಗೂ ಅಂಗಾಲಿನ ಧರ್ಮ ಒಂದೇ. ಹೊಸ ಬೂಟನ್ನು ಓಟದ ದಿನ ತೊಡಬಾರದು. ಹರಳೆಣ್ಣೆ ಹಚ್ಚಿ ಮೆಟ್ಟನ್ನು ಅಂಗಳದಲ್ಲೇ ತುಳಿದು ಪಳಗಿಸುತ್ತಿದ್ದ ಹಿರಿಯರಿಗೆ ಈ ಪಾಠ ಬೇಕಿರಲಿಲ್ಲ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಹಿಡಿದಿಡುತ್ತದೆ; ಅದನ್ನು ಬಿಟ್ಟು ಬೇಗ ಒಣಗುವ ನೂಲಿನದನ್ನು ತೊಡುವುದು ಲೇಸು. ಒಳಸೇರಿದ ಮರಳನ್ನು ಆಗಲೇ ಕೊಡವಬೇಕು. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಸೈನಿಕ ವಿದ್ಯಾರ್ಥಿಗಳು 21 ಕಿ.ಮೀ. ನಡೆದಾಗ, ಮುಂಚಿತವಾಗಿ ಕೆಲವು ರಾತ್ರಿ ಬೆವರು ತಡೆಯುವ ಔಷಧಿ ಹಚ್ಚಿಕೊಂಡವರಲ್ಲಿ ನೂರಕ್ಕೆ 21 ಮಂದಿಗೆ, ಹಚ್ಚದವರಲ್ಲಿ 48 ಮಂದಿಗೆ ಬೊಬ್ಬೆ ಬಂದಿತು. ಆದರೆ ಔಷಧಿ ಹಚ್ಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಉರಿ ತಗಲಿತು. ಅದಕ್ಕಿಂತ ಸರಳವಾದ ಉಪಾಯ, ಗಾಯಕ್ಕೆ ಕಟ್ಟುವ ಅಗ್ಗದ ಕಾಗದದ ಅಂಟುಪಟ್ಟಿ. ಸುಮಾರು 250 ಕಿ.ಮೀ. ಓಡಿದ 128 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಟ್ಟಿ ಅಂಟಿಸಿದ ಎಡೆಗಳಲ್ಲಿ ಬೊಬ್ಬೆಗಳು ಶೇಕಡ 40ರಷ್ಟು ಕಡಿಮೆಯಾದುವು.

ಪಾದುಕೆಗಳನ್ನು ಭರತನಿಗೆ ಕೊಟ್ಟು ಕಾಡು ಸುತ್ತಿದ ರಾಮನ ಸನ್ನಿಧಿಯಲ್ಲಿ ಮೆಟ್ಟಿನ ಚಿಂತೆಯೇಕೆ ಎಂದು ಯಾರಾದರೂ ಕೇಳಿಯಾರು. ಹುಟ್ಟಿನಿಂದ ಬರಿಗಾಲಲ್ಲಿ ನಡೆದವರ ಅಂಗಾಲು ತಾನೇ ಮೆಟ್ಟಾಗಿರುತ್ತದೆ. ವರ್ಷವಿಡೀ ಬೂಟು ತೊಟ್ಟು, ಯುಗಾದಿಗೆ ಮುನ್ನ ಬಾಗಲಕೋಟೆ, ಬೆಳಗಾವಿಗಳ ಕಡೆಯಿಂದ ಬರಿಗಾಲಲ್ಲಿ ಶ್ರೀಶೈಲಕ್ಕೆ ಹೊರಟವರ ಪಾಡು ಬೇರೆ. ದಾರಿಯ ಊರುಗಳವರು ಅನ್ನದೊಡನೆ ಬಿಸಿನೀರನ್ನೂ ಎಣ್ಣೆಯನ್ನೂ ಇಟ್ಟು ಅವರ ಕಾಲಿನ ಸೇವೆ ಮಾಡುತ್ತಾರೆ. ಭಕ್ತಿ ಚರ್ಮವನ್ನು ದಪ್ಪಗೊಳಿಸುವುದಿಲ್ಲವೆಂಬುದನ್ನು ಆ ಪುಣ್ಯವಂತರು ಬಲ್ಲರು.

ಬೊಬ್ಬೆ ಸಣ್ಣ ಸಂಗತಿಯೆಂದು ನಗುವವರು 1924ನ್ನು ನೆನೆಯಬೇಕು. ಅಮೆರಿಕದ ಅಧ್ಯಕ್ಷ ಕೂಲಿಜ್ ಅವರ ಹದಿನಾರರ ಹರೆಯದ ಮಗ ಕಾಲುಚೀಲವಿಲ್ಲದೆ ಟೆನಿಸ್ ಆಡಿದ. ಕಾಲಿನಲ್ಲಿ ಬೊಬ್ಬೆ ಎದ್ದಿತು. ಅದಕ್ಕೆ ನಂಜು ತಗಲಿ ರಕ್ತಕ್ಕೇರಿತು. ದಿನಗಳಲ್ಲಿಯೇ ಹುಡುಗ ತೀರಿಕೊಂಡ. ಇಂದು ನಂಜಿಗೆ ಮದ್ದಿದೆ, ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಬೊಬ್ಬೆ ಈಗಲೂ ಅಪಾಯವೇ. ಅವರಿಗೆ ಆ ಮೊದಲ ಚುರುಕು ತಿಳಿಯುವುದಿಲ್ಲ.

ಆ ಚುರುಕೇ ನಮ್ಮ ಪಾಲಿನ ಭಾಗ್ಯ. ನೀರು ತುಂಬುವುದಕ್ಕೆ ಮುನ್ನ ಚರ್ಮ ಕೆಂಪಾಗಿ ಬಿಸಿಯೇರಿ ಸೂಚನೆ ಕೊಡುತ್ತದೆ. ಅಲ್ಲಿ ನಿಂತು, ಒರೆಸಿ, ಒಣಗಿಸಿ, ಪಟ್ಟಿಯೊಂದನ್ನು ಅಂಟಿಸಿದರೆ ಕೆಲವು ನಿಮಿಷಗಳ ನಷ್ಟ. ನಿಲ್ಲದಿದ್ದರೆ ಕೆಲವು ದಿನಗಳದು. ಎದ್ದ ಬೊಬ್ಬೆಯ ಮೇಲ್ಪದರವನ್ನಂತೂ ಕೀಳಬಾರದು. ಅದಕ್ಕಿಂತ ಒಳ್ಳೆಯ ಹೊದಿಕೆ ಬೇರಿಲ್ಲ. ಬಹಳ ಮಂದಿಗೆ ಕೊರತೆಯಾಗಿರುವುದು ಈ ತಿಳಿವಳಿಕೆಯಲ್ಲ. ಜೊತೆಯವರ ಮುಂದೆ ‘ಸ್ವಲ್ಪ ನಿಲ್ಲಿ’ ಎನ್ನುವ ಧೈರ್ಯ.

ಮರುವರ್ಷ ಎತ್ತುಗಳಿಗೆ ಲಾಳ ಕಟ್ಟಿಸಿದ ದಿನವೇ ದೊಡ್ಡಪ್ಪ ನನ್ನ ಮೆಟ್ಟಿಗೂ ಹರಳೆಣ್ಣೆ ಹಚ್ಚಿದರು. ದಾರಿಯಲ್ಲಿ ಹರದಾರಿಗೊಮ್ಮೆ ಎತ್ತುಗಳನ್ನು ನಿಲ್ಲಿಸಿ ಒಂದೊಂದೇ ಕಾಲೆತ್ತಿ ನೋಡುವುದು ಅವರ ರೂಢಿ. ಆ ಸಲ ಎಂಟನೆಯ ಗೊರಸನ್ನು ನೋಡಿ ಕೆಳಗಿಟ್ಟು, ನನ್ನ ಕಡೆ ತಿರುಗಿ, “ನಿನ್ನದೂ ತೋರಿಸು” ಎಂದರು.