ಜೂಡೊ ಮನೆಗೆ ಗಿಟಾರ್ ಬಂದಾಗ

ಮೊನ್ನೆ ಕರಾಟೆ ತರಗತಿಯಿಂದ ಬಂದ ಮೊಮ್ಮಗಳ ಮುಖ ಊದಿಕೊಂಡಿತ್ತು. ಮೇಷ್ಟ್ರು ಬರುವ ಮುಂಚೆ ಗೆಳತಿಯರ ಜೊತೆ ಅಲ್ಲೇ ಸಿನಿಮಾ ಹಾಡಿಗೆ ಕುಣಿದು ಬೈಸಿಕೊಂಡಿದ್ದಳು. “ತಾತ, ಕರಾಟೆ ಹಾಲ್‌ನಲ್ಲಿ ಕುಣಿದರೆ ತಪ್ಪಾ?” ಎಂದಳು. ಅವಳಿಗೆ ಹೇಳಿದ್ದನ್ನೇ ಮಕ್ಕಳೇ, ನಿಮಗೂ ಹೇಳುತ್ತೇನೆ.

ಜಪಾನಿನ ಟೋಕಿಯೊದಲ್ಲಿ, ಚಕ್ರವರ್ತಿಯ ಅರಮನೆಯ ಹತ್ತಿರ, ನಿಪ್ಪಾನ್ ಬುಡೊಕಾನ್ ಎಂಬ ದೊಡ್ಡ ಒಳಾಂಗಣ ಕ್ರೀಡಾಂಗಣವಿದೆ. ಬುಡೊಕಾನ್ ಎಂದರೆ ಸಮರಕಲೆಗಳ ಭವನ. ನಾರಾ ಪ್ರಾಂತ್ಯದ ಹೊರ್ಯೂಜಿ ದೇವಾಲಯದ ಎಂಟು ಮೂಲೆಯ ಮಂಟಪವನ್ನು ನೋಡಿ ಇದಕ್ಕೂ ಎಂಟು ಮೂಲೆ ಇಟ್ಟರು. ಸುಮಾರು 14,000 ಜನ ಕೂರಬಹುದು.

1964ರ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಜೂಡೊ ಸೇರಿತು. ಅದಕ್ಕೆಂದೇ ಕಟ್ಟಿದ ಭವನವಿದು. ತೂಕದ ಮಿತಿಯಿಲ್ಲದ ವಿಭಾಗದ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಆರೂವರೆ ಅಡಿಯ ಆಂಟನ್ ಗೀಸಿಂಕ್, ಜಪಾನಿನ ಅಕಿಯೊ ಕಮಿನಾಗ ಅವರನ್ನು ಸೋಲಿಸಿದರು. ಸಭಾಂಗಣ ಸ್ತಬ್ಧ. ಖುಷಿ ತಡೆಯಲಾರದೆ ಗೀಸಿಂಕ್ ಕಡೆಯವರು ಅಖಾಡಕ್ಕೆ ನುಗ್ಗಲು ಬಂದರು. ಗೀಸಿಂಕ್ ಕೈಯೆತ್ತಿ ಅವರನ್ನು ತಡೆದರು. ಸೋತವರಿಗೆ ತಲೆಬಾಗಿ ವಂದಿಸುವುದು ಇನ್ನೂ ಬಾಕಿಯಿತ್ತಲ್ಲ!

ಎರಡೇ ವರ್ಷ. 1966ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಅಲ್ಲಿ ಹಾಡಲು ಬಂತು. ‘ಸಮರಕಲೆಯ ಪವಿತ್ರ ಜಾಗದಲ್ಲಿ ಗಿಟಾರ್ ಗದ್ದಲವೇ?’ ಎಂದು ಕೆಲವರು ಸಿಡಿದೆದ್ದರು. ಬಿಗಿ ಪೊಲೀಸ್ ಕಾವಲಿನಲ್ಲಿ ಮೂರು ದಿನ, ಐದು ಕಾರ್ಯಕ್ರಮ ನಡೆದವು. ಆಮೇಲೆ ದೇಶವಿದೇಶದ ಗಾಯಕರಿಗೆ ಬುಡೊಕಾನ್‌ನಲ್ಲಿ ಹಾಡುವುದೇ ಹೆಮ್ಮೆಯಾಯಿತು.

ಜೂಡೊ ಕಳೆದುಹೋಯಿತೇ? ಇಲ್ಲ. ಇಂದಿಗೂ ಅಲ್ಲಿ ಸಮರಕಲೆಗಳ ಪಂದ್ಯಗಳು ನಡೆಯುತ್ತವೆ. ಪ್ರತಿ ಆಗಸ್ಟ್ 15ರಂದು ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಚಕ್ರವರ್ತಿಯೇ ಬರುತ್ತಾರೆ. 2021ರಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಜೂಡೊ ಮತ್ತೆ ಅಲ್ಲೇ. ನಮ್ಮ ಹುಡುಗಿಯ ಕರಾಟೆ ಮೊದಲ ಸಲ ಒಲಿಂಪಿಕ್ಸ್ ಸೇರಿದ್ದೂ ಅದೇ ಸೂರಿನಡಿ!

ಜಾಗದ ಮರ್ಯಾದೆ ಹಾಡಿನಿಂದ ಹೋಗುವುದಿಲ್ಲ. ಅಲ್ಲಿ ನಿಂತವರ ನಡತೆಯಿಂದ ಉಳಿಯುತ್ತದೆ, ಗೀಸಿಂಕ್ ಉಳಿಸಿದ ಹಾಗೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ತಾತ, ನಾವು ಚಪ್ಪಲಿ ಹಾಕಿಕೊಂಡೇ ಮ್ಯಾಟ್ ಮೇಲೆ ಕುಣಿದಿದ್ವಿ” ಎಂದಳು.

ನಾಳೆ ಮೇಷ್ಟ್ರಿಗೆ ಏನು ಹೇಳಬೇಕೆಂದು ನಾನು ಹೇಳಿಕೊಡಬೇಕಾಗಲಿಲ್ಲ.