ಜೇನು: ಬಾಟಲಿ ತುಂಬಿದರೆ ಎಷ್ಟು ಕಿಲೋ?

ನಮ್ಮೂರಿನ ಸಹೋದರಿಯೊಬ್ಬರು ರಬ್ಬರ್ ತೋಟದ ಬದಿಯಲ್ಲಿ ಆರು ಜೇನುಪೆಟ್ಟಿಗೆ ಇಟ್ಟಿದ್ದಾರೆ. ಪತಿ ತೀರಿಕೊಂಡ ಬಳಿಕ ಇಬ್ಬರು ಮಕ್ಕಳ ಶಾಲೆಯ ಖರ್ಚಿಗೆ ಅದೇ ಆಧಾರ. "ಟೀಚರ್, ಇಪ್ಪತ್ತು ಬಾಟಲಿ ಅಂಗಡಿಗೆ ಕೊಟ್ಟೆ. ಬಾಟಲಿಗೆ ಮುಕ್ಕಾಲು ಕಿಲೋ ಎಂದು ಲೆಕ್ಕ ಹಾಕಿ ಹಣ ಕೊಟ್ಟರು" ಎಂದರು ಮೊನ್ನೆ. ನನಗಾಗಿ ತಂದಿದ್ದ ಬಾಟಲಿಯನ್ನು ನೋಡಿದೆ. ಶರಬತ್ತಿನ ಹಳೆಯ ಬಾಟಲಿ, 750 ಮಿ.ಲೀ.ನದು. ತೂಗಿ, ಖಾಲಿ ಬಾಟಲಿಯ ತೂಕ ಕಳೆದರೆ ಜೇನು 1 ಕಿಲೋ 50 ಗ್ರಾಂ! ಅಂದರೆ ಬಾಟಲಿಗೆ 300 ಗ್ರಾಂನಂತೆ 6 ಕಿಲೋ ಜೇನು ಪುಕ್ಕಟೆಯಾಗಿ ಹೋಗಿತ್ತು.

ನೀರು, ಹಾಲು ಅಳೆದು ಅಭ್ಯಾಸವಾದ ನಮಗೆ ಲೀಟರ್ ಎಂದರೆ ಕಿಲೋ ಎಂದೇ ತೋರುತ್ತದೆ. ತೆಂಗಿನೆಣ್ಣೆ ಲೀಟರಿಗೆ ಸುಮಾರು 920 ಗ್ರಾಂ ಮಾತ್ರ ತೂಗುತ್ತದೆ. ಜೇನಿನಲ್ಲಿ ಐದರಲ್ಲಿ ನಾಲ್ಕು ಪಾಲು ಸಕ್ಕರೆಯ ಅಂಶವೇ ಇರುವುದರಿಂದ ಲೀಟರಿಗೆ ಸುಮಾರು 1,400 ಗ್ರಾಂ ಬರುತ್ತದೆ. ಅರ್ಧ ಕಿಲೋ ಜೇನಿಗೆ 350 ಮಿ.ಲೀ.ಗಿಂತ ತುಸು ದೊಡ್ಡ ಬಾಟಲಿ ಸಾಕು.

ಮದ್ರಸದಲ್ಲಿ ಫಿತ್ರ್ ಝಕಾತ್‌ನ ಪಾಠ ಮಾಡುವಾಗಲೂ ಈ ಪ್ರಶ್ನೆ ಏಳುತ್ತದೆ. ಸಾಅ್ ಎಂಬುದು ಪಾತ್ರೆಯ ಅಳತೆ, ನಾಲ್ಕು ಮುದ್ದ್. ಅದೇ ಪಾತ್ರೆಯಲ್ಲಿ ಅಕ್ಕಿಯ ತೂಕ ಒಂದು, ಗೋಧಿಯ ತೂಕ ಇನ್ನೊಂದು. ಕಿಲೋ ಲೆಕ್ಕ ಗ್ರಂಥದಿಂದ ಗ್ರಂಥಕ್ಕೆ ಏಕೆ ಬೇರೆ ಎಂದು ಮಕ್ಕಳು ಕೇಳುತ್ತಾರೆ. ಇನ್ನು ಮುಂದೆ ಜೇನಿನ ಬಾಟಲಿಯನ್ನೇ ತೋರಿಸಬೇಕು.

ಪ್ಯಾಕ್ ಮಾಡಿ ಮಾರುವ ವಸ್ತುಗಳ ಬಗ್ಗೆ 2011ರಲ್ಲಿ ಬಂದ ನಿಯಮಗಳಂತೆ ಜೇನಿನಂತಹ ಮಂದ ಪದಾರ್ಥದ ನಿವ್ವಳ ಪ್ರಮಾಣವನ್ನು ತೂಕದಲ್ಲೇ ಬರೆಯಬೇಕು. ಅದರಲ್ಲಿ ಬಾಟಲಿ, ಮುಚ್ಚಳದ ತೂಕ ಸೇರಬಾರದು. ಹಳೆಯ ಗಾಜಿನ ಬಾಟಲಿಗಳು ಒಂದೇ ತೂಕದವಲ್ಲ. ಒಂದನ್ನು ತೂಗಿ ಉಳಿದವಕ್ಕೆ ಅದನ್ನೇ ಹಿಡಿದರೆ ಲೆಕ್ಕ ತಪ್ಪುತ್ತದೆ. ಪ್ರತಿಯೊಂದನ್ನೂ ಖಾಲಿ ಇಟ್ಟು, ತಕ್ಕಡಿಯನ್ನು ಸೊನ್ನೆ ಮಾಡಿ ತುಂಬಿಸಿ. ಅಡುಗೆಮನೆಯ ತಕ್ಕಡಿ ಮನೆಯ ಪರೀಕ್ಷೆಗೆ ಸಾಕು. ಮಾರಾಟಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವುದೇ ಬೇಕು.

ಗೆರೆ ನೋಡಿ ತುಂಬಿಸುವುದರಲ್ಲಿ ಇನ್ನೊಂದು ಮೋಸವಿದೆ, ಅದು ನೊರೆಯದು. ಎರಿಯಿಂದ ಆಗಷ್ಟೇ ತೆಗೆದ ಜೇನಿನಲ್ಲಿ ಗಾಳಿಯ ಗುಳ್ಳೆಗಳು ತುಂಬಿರುತ್ತವೆ. ಕುತ್ತಿಗೆಯವರೆಗೆ ತುಂಬಿಸಿದ ಬಾಟಲಿ ಎರಡು ದಿನದಲ್ಲಿ ಇಳಿದು, ಗಿರಾಕಿಗೆ ಕಡಿಮೆ ಕೊಟ್ಟಂತೆ ಕಾಣುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಒಂದೆರಡು ದಿನ ಬಿಟ್ಟು, ಮೇಲಿನ ನೊರೆ ತೆಗೆದು ತುಂಬಿಸುವುದು ಒಳ್ಳೆಯದು.

ಲೀಟರ್ ಜೇನು 1,300 ಗ್ರಾಂ ಮಾತ್ರ ತೂಗಿದರೆ ನೀರು ಹೆಚ್ಚಾಗಿದೆ ಎಂದರ್ಥ. ಅಂತಹದು ಹುಳಿ ಬರುತ್ತದೆ. ಆದರೆ ತೂಕ ಸರಿಯಿದೆ ಎಂದು ಶುದ್ಧವೆಂದು ನಂಬಬೇಡಿ. ಗಟ್ಟಿ ಸಕ್ಕರೆ ಪಾಕವೂ ಅಷ್ಟೇ ತೂಗುತ್ತದೆ.

ಕೊಳ್ಳುವಾಗಲೂ ಲೆಕ್ಕ ಬೇಕು. 500 ಗ್ರಾಂಗೆ 400 ರೂ., 500 ಮಿ.ಲೀ.ಗೆ 500 ರೂ. ಎಂದರೆ ಯಾವುದು ಅಗ್ಗ? ಎರಡನೆಯದರಲ್ಲಿ ಸುಮಾರು 700 ಗ್ರಾಂ ಇದೆ. ಕಿಲೋಗೆ 714 ರೂ. ಬಿತ್ತು. ಮೊದಲನೆಯದು ಕಿಲೋಗೆ 800.

ಅಂದಹಾಗೆ, ಆ ಸಹೋದರಿ ಮುದ್ರೆಯ ತಕ್ಕಡಿಗೆ ಹಣ ಕೂಡಿಸುತ್ತಿದ್ದಾರೆ. ಅಂಗಡಿಯವರು ಬೇಕೆಂದೇ ಮಾಡಿದರೋ, ಅವರಿಗೂ ತಿಳಿದಿರಲಿಲ್ಲವೋ! ಆ 6 ಕಿಲೋದ ಮಾತನ್ನು ಕೇಳಲು ನಾಳೆ ನನ್ನನ್ನೂ ಕರೆದಿದ್ದಾರೆ.